97 ನುಂಗಿದವನು ಯಾರು?

"ಸಿಕ್ಕ ನೋಡ್ರಲೇ ಕಳ್ಳ! ಒಬ್ಬನೇ 97 ನುಂಗಿ ಕುಂತಾನೆ!"

ಕೊಟ್ರೇಶಿ ಹೀಗೆ ಕೂಗಿದ್ದಕ್ಕೆ ನಾವು ಮೂವರೂ ಕೈಯಲ್ಲಿ ಹಿಡಿದ ಮಿರ್ಚಿ ಸಮೇತ ಮಾನಿಟರ್ ಕಡೆ ಬಗ್ಗಿದೆವು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ, ಕಂಪ್ಯೂಟರ್‌ನಲ್ಲಿ ಯಾರು ಎಷ್ಟು ದುಡಿಯುತ್ತಿದ್ದಾರೆ ಅಂತ ತೋರಿಸೋ ಟಾಸ್ಕ್ ಮ್ಯಾನೇಜರ್ ಬರುತ್ತದೆ ಅಂತ ಯಾವುದೋ ವಿಡಿಯೋ ನೋಡಿ ಕಲಿತಿದ್ದ. ಅದರ ಡೀಟೇಲ್ಸ್ ಪುಟದಲ್ಲಿ ಎಲ್ಲಕ್ಕಿಂತ ಮೇಲೆ 'ಸಿಸ್ಟಂ ಐಡಲ್ ಪ್ರೋಸೆಸ್' ಅಂತ ಒಂದು ಹೆಸರು, ಸಿಪಿಯು, ಅಂದರೆ ಪ್ರೊಸೆಸರ್ ಕಾಲಂನಲ್ಲಿ 97.

"ಮುಗಿಸಿಬಿಡು ಅದನ್ನ," ಅಂದರು ತಿಪ್ಪಣ್ಣ ಮೇಷ್ಟ್ರು. ರಿಟೈರ್ ಆದರೂ ತೀರ್ಪು ಕೊಡೋದರಲ್ಲಿ ತಡ ಇಲ್ಲ. ಕೊಟ್ರೇಶಿ ಎಂಡ್ ಟಾಸ್ಕ್ ಒತ್ತಿದ. ಕಂಪ್ಯೂಟರ್ ಸುತರಾಂ ಒಪ್ಪಲಿಲ್ಲ.

"ನೋಡಿದ್ರಾ ಮೇಷ್ಟ್ರೇ, ಅದಕ್ಕೆ ಮೇಲಿನವರ ಬೆಂಬಲ ಐತಿ."

ವಿದ್ಯಾರ್ಥಿ ಭವನದ ಸರ್ಕಲ್ ಹತ್ತಿರ ಡಿಟಿಪಿ ಅಂಗಡಿ ಇಟ್ಟಿರೋ ಹಾಲೇಶಿಗೆ ನಗು ಬಂದು ಮಂಡಕ್ಕಿ ನೆತ್ತಿಗೇರಿತು. ನೀರು ಕುಡಿದು ಹೇಳಿದ: "ಲೇ, ಅದು ನುಂಗಿದ ಲೆಕ್ಕ ಅಲ್ಲ, ಉಳಿದ ಲೆಕ್ಕ. ಪ್ರೊಸೆಸರ್ ನೂರರಾಗೆ 97 ಪಾಲು ಖಾಲಿ ಕುಂತೈತಿ. ದುಡೀತಿರೋದು ಬರೀ 3."

"ಖಾಲಿ ಕುಂತಿದ್ರೆ ಮತ್ತೆ ಯಾಕಲೇ ಇಷ್ಟು ನಿಧಾನ? ಮಗಳ ಅರ್ಜಿ ತುಂಬಾಕೆ ಹೋದ್ರೆ ಮೌಸ್ ಕೂಡ ಅಳ್ಳಾಡಲ್ಲ!"

ಪ್ರಶ್ನೆ ಸರಿಯಾಗೇ ಇತ್ತು. ಹಾಲೇಶಿ ಪ್ರೋಸೆಸಸ್ ಪುಟಕ್ಕೆ ಹೋದ. ಮೆಮೊರಿ 93, ಡಿಸ್ಕ್ 100. ಬ್ರೌಸರ್ ತೆಗೆದು ಎರಡು ಟ್ಯಾಬ್ ಬಿಚ್ಚಿದ್ದೇ ತಡ, ಸಿಪಿಯು ಕೂಡ ಜಿಗಿದು ನೂರರ ಹತ್ತಿರ ಹೋಯಿತು.

"ಮೂರೂ ಫುಲ್! ಇದು ಪಕ್ಕಾ ವೈರಸ್," ಅಂದರು ಮೇಷ್ಟ್ರು. "ಅದಕ್ಕೇ ನಾನು ಹೋದ ವಾರ ಹೇಳಿದ್ದು, ಆ ಮದುವೆ ವಿಡಿಯೋ, ಫೋಟೋ ಎಲ್ಲಾ ಅಳಿಸಿ ಹಗುರ ಮಾಡ್ಕೋ ಅಂತ."

"ವಿಡಿಯೋ ಡಿ ಡ್ರೈವ್‌ನಾಗೆ ತನ್ನ ಪಾಡಿಗೆ ತಾನು ಮಲಗಿರ್ತತಿ ಮೇಷ್ಟ್ರೇ, ಯಾರಿಗೂ ಕಾಟ ಕೊಡಲ್ಲ. ವಿಂಡೋಸ್ ಇರೋ ಸಿ ಡ್ರೈವ್ ತುಂಬಿ ತುಳುಕಿದ್ರೆ ಮಾತ್ರ ತೊಂದ್ರೆ. ಇಲ್ಲಿ ಕೊರತೆ ಇರೋದು ರ‍್ಯಾಮ್‌ಗೆ. ನಡೀತಿರೋ ಕೆಲಸನೆಲ್ಲ ಇಟ್ಕಳೋ ಮೆಮೊರಿ ಅದು, ಬರೀ ನಾಕು ಜಿಬಿ."

ಮೇಷ್ಟ್ರಿಗೆ ಅರ್ಥ ಆಗಲಿಲ್ಲ ಅಂತ ಅವರ ಮುಖವೇ ಹೇಳಿತು. ಹಾಲೇಶಿ ಮಿರ್ಚಿ ಪೊಟ್ಟಣ ಮುಂದಿಟ್ಟುಕೊಂಡು ಶುರು ಮಾಡಿದ. "ಮಿರ್ಚಿ ಅಂಗಡ್ಯಾಗೆ ನಾಕೇ ಟೇಬಲ್ ಅನ್ಕಳ್ರಿ. ಐದನೇದವರು ಬಂದ್ರೆ, ತಿಂತಿರೋರ್ನ ಎಬ್ಬಿಸಿ ಫುಟ್‌ಪಾತ್‌ಗೆ ಕಳಿಸ್ಬೇಕು. ಅವರು ಮತ್ತೆ 'ಚಟ್ನಿ' ಅಂದ್ರೆ ಒಳಗೆ ಕರೆದು ಇನ್ನೊಬ್ಬರನ್ನ ಹೊರಗೆ ಹಾಕ್ಬೇಕು. ಮಾಲೀಕ ದಿನಾ ಇದನ್ನೇ ಮಾಡಿದ್ರೆ ಬಾಣಲೆ ಹತ್ರ ಯಾರು ನಿಲ್ತಾರೆ? ರ‍್ಯಾಮ್ ತುಂಬಿದಾಗ ವಿಂಡೋಸ್ ಮಾಡೋದೂ ಇದೇ. ಡಿಸ್ಕ್‌ನಾಗಿನ ಪೇಜ್ ಫೈಲ್‌ಗೆ ಹಾಕೋದು, ತೆಗೆಯೋದು. ಅದಕ್ಕೇ ಡಿಸ್ಕ್ ನೂರು ತೋರಿಸ್ತೈತಿ."

"ಹಂಗಾರೆ ರ‍್ಯಾಮ್ ಬೂಸ್ಟರ್ ಹಾಕ್ಕೊಂಡ್ರಾಯ್ತು," ಅಂದ ಕೊಟ್ರೇಶಿ, "ಫ್ರೀ ಅಂತೆ."

ಈ ಬೂಸ್ಟರ್‌ಗಳ ಬಗ್ಗೆ ನನಗೂ ಒಂದಿಷ್ಟು ಸಿಟ್ಟಿದೆ. ಮೆಮೊರಿಯಲ್ಲಿ ಇರೋದನ್ನ ಒತ್ತಾಯದಿಂದ ಹೊರಗೆ ದಬ್ಬಿ 'ನೋಡಿ, ಖಾಲಿ ಮಾಡಿದೆ' ಅಂತ ಹಸಿರು ಟಿಕ್ ಹಾಕುತ್ತವೆ. ಮರುಕ್ಷಣ ಬೇಕಾದಾಗ ಅದೆಲ್ಲ ಡಿಸ್ಕ್‌ನಿಂದ ವಾಪಸ್ ಬರಬೇಕು. ಇಷ್ಟು ಕೆಲಸಕ್ಕೆ ತಾವೂ ಒಂದಿಷ್ಟು ಮೆಮೊರಿ ಹಿಡಿದುಕೊಂಡು ಕೂರುತ್ತವೆ.

ಕಂಪ್ಯೂಟರ್ ಜೊತೆಗೇ ಎದ್ದು ಕೂರೋ ಆ್ಯಪ್‌ಗಳ ಸ್ಟಾರ್ಟಪ್ ಪುಟ ತೆಗೆದರೆ ಜಾತ್ರೆಯೇ ಇತ್ತು. ಹಾಡಿನ ಆ್ಯಪ್, ಮಾರಿ ಎಷ್ಟೋ ದಿನ ಆದ ಪ್ರಿಂಟರ್‌ನ ಸಾಫ್ಟ್‌ವೇರ್, ಅಂಗಡಿಯವರು ಹಾಕಿಕೊಟ್ಟ ಆ್ಯಂಟಿವೈರಸ್, ಅಳಿಯ ಹಾಕಿದ ಇನ್ನೊಂದು ಆ್ಯಂಟಿವೈರಸ್.

"ಎರಡಿದ್ರೆ ಡಬಲ್ ಸೇಫ್ಟಿ ಅಲ್ವೇನಲೇ?"

"ನೀನು ತೆಗೆದ ಒಂದೊಂದು ಫೈಲನ್ನೂ ಇಬ್ಬರೂ ತಡವಿ ನೋಡ್ತಾರೆ. ಒಂದು ತೆಗಿ. ಎರಡೂ ತೆಗೆದ್ರೂ ವಿಂಡೋಸ್‌ನ ಡಿಫೆಂಡರ್ ಐತಿ. ಬೇರೆ ಆ್ಯಂಟಿವೈರಸ್ ಇದ್ರೆ ಅದು ತಾನೇ ಪಕ್ಕಕ್ಕೆ ಸರೀತತಿ, ಇಲ್ಲಾಂದ್ರೆ ತಾನೇ ಕಾವಲಿಗೆ ನಿಲ್ತತಿ."

ಆಮೇಲೆ ಪರ್ಫಾರ್ಮೆನ್ಸ್ ಪುಟದಲ್ಲಿ 'ಅಪ್ ಟೈಮ್', ಅಂದರೆ ಕಂಪ್ಯೂಟರ್ ಹೊಸದಾಗಿ ಶುರುವಾಗಿ ಎಷ್ಟು ಹೊತ್ತಾಯಿತು ಅಂತ ನೋಡಿದರೆ ಇಪ್ಪತ್ತು ದಿನ ದಾಟಿತ್ತು. ಕೊಟ್ರೇಶಿ ಕೆರಳಿದ. "ಸುಳ್ಳು! ದಿನಾ ರಾತ್ರಿ ಶಟ್‌ಡೌನ್ ಮಾಡೇ ಮಲಗೋದು ನಾನು. ಬೇಕಾದ್ರೆ ಇವಳನ್ನ ಕೇಳು."

ಕೊಟ್ರೇಶಿ, ಕಂಪ್ಯೂಟರ್ ಇಬ್ಬರದೂ ನಿಜವೇ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಏರ್ಪಾಡಿದೆ. ಶಟ್‌ಡೌನ್ ಒತ್ತಿದರೆ ನಮ್ಮ ಆ್ಯಪ್‌ಗಳು ಮುಚ್ಚುತ್ತವೆ, ಆದರೆ ವಿಂಡೋಸ್‌ನ ಒಳತಿರುಳನ್ನು ಡಿಸ್ಕ್‌ನಲ್ಲಿ ಬರೆದಿಟ್ಟು ಬೆಳಿಗ್ಗೆ ಅದನ್ನೇ ಎಬ್ಬಿಸುತ್ತದೆ. ಪೂರ್ತಿ ಹೊಸದಾಗಿ ಶುರುವಾಗಬೇಕಾದರೆ ರೀಸ್ಟಾರ್ಟ್ ಒತ್ತಬೇಕು.

"ಅಂದ್ರೆ ಆಫ್ ಮಾಡಿದ್ರೆ ಆಫ್ ಆಗಲ್ಲ, ಮತ್ತೆ ಆನ್ ಮಾಡು ಅಂದ್ರೆ ಮಾತ್ರ ಆಫ್ ಆಗ್ತತಿ?" ಮೇಷ್ಟ್ರು ಕನ್ನಡಕ ತೆಗೆದರು. "ಇದನ್ನ ಹುಡುಗರಿಗೆ ಹೆಂಗೆ ಪಾಠ ಮಾಡೋದು?"

ರೀಸ್ಟಾರ್ಟ್‌ಗೆ ಕೊಟ್ಟು ಹಾಲೇಶಿ ಕ್ಯಾಬಿನೆಟ್ ಮೇಲೆ ಕೈಯಿಟ್ಟ. ದೋಸೆ ಹಂಚೂ ಇಷ್ಟು ಕಾದಿರಲಿಲ್ಲ. ಮೇಲೆ ಕಸೂತಿ ಹಾಕಿದ ಕವರ್ ಬೇರೆ, ಮುಂದೆ ಹಿಂದೆ ಎಲ್ಲಾ ಮುಚ್ಚಿ.

"ಅದು ಧೂಳು ಹೋಗಬಾರ್ದು ಅಂತ ಅಣ್ಣಾ," ಅಂದರು ಒಳಗಿನಿಂದ ಅಕ್ಕಾರು.

"ಧೂಳು ಆಗಲೇ ಹೋಗೇತಿ ಅಕ್ಕಾರೇ, ಹೊರಗೆ ಬರಾಕೆ ದಾರಿ ಇಲ್ಲ ಅಷ್ಟೆ."

ಆಫ್ ಮಾಡಿ, ವೈರ್ ಕಿತ್ತು, ಪಕ್ಕದ ತಗಡು ಬಿಚ್ಚಿದಾಗ ಫ್ಯಾನಿನ ರೆಕ್ಕೆಯೇ ಕಾಣಲಿಲ್ಲ. ಹತ್ತಿ ಮಿಲ್ಲುಗಳು ಮುಚ್ಚಿದ ಮೇಲೂ ದಾವಣಗೆರೆಯಲ್ಲಿ ಇಷ್ಟು ಹಿಂಜಿದ ಅರಳೆ ಸಿಗುತ್ತೆ ಅಂತ ನನಗೆ ಗೊತ್ತಿರಲಿಲ್ಲ. ಬಿಸಿ ಮಿತಿ ಮೀರಿದರೆ ಪ್ರೊಸೆಸರ್ ಸುಟ್ಟುಹೋಗಬಾರದು ಅಂತ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಆಗ ಸಣ್ಣ ಕೆಲಸಕ್ಕೂ ನೂರು ತೋರಿಸುತ್ತದೆ. ಹಾಲೇಶಿ ಫ್ಯಾನ್ ತಿರುಗದಂತೆ ಬೆರಳಿಟ್ಟು ಬ್ರಷ್ ಆಡಿಸಿದ.

ಮತ್ತೆ ಆನ್ ಮಾಡಿದಾಗ ಮೆಮೊರಿ 60ಕ್ಕೆ ಇಳಿದಿತ್ತು. ಡಿಸ್ಕ್ ಮಾತ್ರ ಏದುಸಿರು ಬಿಡುತ್ತಲೇ ಇತ್ತು.

"ಇದು ತಟ್ಟೆ ತಿರುಗೋ ಹಾರ್ಡ್ ಡಿಸ್ಕು, ಇದ್ರ ಹಣೆಬರಹ ಇಷ್ಟೇ. ತಟ್ಟೆ ಇಲ್ಲದ ಎಸ್‌ಎಸ್‌ಡಿ ಹಾಕಿಸು, ಇನ್ನೊಂದು ನಾಕು ಜಿಬಿ ರ‍್ಯಾಮ್ ಹಾಕಿಸು. ಡಿಡಿಆರ್3 ಅಂತಲೇ ಕೇಳು, ಡಿಡಿಆರ್4 ಇದ್ರಾಗೆ ಕೂರಲ್ಲ, ಕಚ್ಚು ಬೇರೆ."

"ವಿಂಡೋಸ್ 10ಕ್ಕೆ ಸಪೋರ್ಟ್ ನಿಂತೈತಂತಲ್ಲ?"

"2025ರ ಅಕ್ಟೋಬರ್ 14ಕ್ಕೇ ನಿಂತ್ತು. 11 ಇದಕ್ಕೆ ಹಿಡಿಸಲ್ಲ, ಟಿಪಿಎಂ 2.0 ಅನ್ನೋ ಭದ್ರತೆ ಏರ್ಪಾಡು ಬೇಕು. ವಿಂಡೋಸ್ ಬದಲು ಲಿನಕ್ಸ್ ಹಾಕಣ, ಅದ್ರ ಮಾತು ಆಮೇಲೆ."

"ಹಳೇ ಹಾರ್ಡ್ ಡಿಸ್ಕ್ ಏನ್ ಮಾಡೋದು?"

"ಬಿಸಾಕಬ್ಯಾಡ. ಆ ಮದುವೆ ವಿಡಿಯೋ, ಫೋಟೋ ಇಡಾಕೆ ಇಟ್ಕ."

ಕೊಟ್ರೇಶಿ ಒಮ್ಮೆ ಮೇಷ್ಟ್ರ ಮುಖ ನೋಡಿದ, ಒಮ್ಮೆ ಅಡುಗೆಮನೆ ಕಡೆ ನೋಡಿದ. ಆಮೇಲೆ ಹಾಲೇಶಿ ಕಿವಿ ಹತ್ತಿರ ಬಗ್ಗಿ ಕೇಳಿದ:

"ರೀಸೈಕಲ್ ಬಿನ್ನೂ ಖಾಲಿ ಮಾಡಿದ್ರೆ... ವಾಪಸ್ ಬರ್ತತೇನಲೇ?"