ನಾವೇ ಮಾಡಿದ ಮನೆ ದಾರಿ ಮಳೆಗೆ ಉಳಿಯುತ್ತಾ?

ತೀರ್ಥಹಳ್ಳಿ ತೋಟದವನು: ದಣಪೆಯಿಂದ (ಬೇಲಿಯ ಗೇಟು) ಅಂಗಳದವರೆಗೆ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಚೂರು ಹಾಕಿ, ದಿಮ್ಮಸು ಹೊಡೆದು, ಅಪ್ಪ ನಾನು ಸೇರಿ ದಾರಿ ಮಾಡಿದ್ದೇವೆ. ಪಕ್ಕದ ಮನೆ ಭಾವ ‘ಟೋಲ್ ಗೇಟ್ ಯಾವಾಗ?’ ಅಂತ ನಗುತ್ತಾರೆ. ನನಗಂತೂ ಈ ದಾರಿ ಮೇಲೆ ತುಂಬಾ ಪ್ರೀತಿ. ಇಳಿಜಾರು ಜಾಸ್ತಿ. ಜೂನ್ ಮಳೆಗೆ ಕೊಚ್ಚಿ ಹೋಗದಂತೆ ಏನು ಮಾಡಲಿ?

ಸಾಗರದಿಂದ: ಚಂದ ಇದೆ ಮಾರಾಯಾ! ಮೊದಲು ನೀರು ಹೋಗಲು ಜಾಗ ಮಾಡು. 10 ಅಡಿ ಅಗಲವಿದ್ದರೆ ನಡುವೆ 2–3 ಇಂಚು ಎತ್ತರ ಬೇಕು. ಧರೆ (ಕಡಿದ ಮಣ್ಣಿನ ದಿಬ್ಬ) ಪಕ್ಕ ಚರಂಡಿ ತೆಗೆ. ಇಳಿಜಾರಿನಲ್ಲಿ ಅಲ್ಲಲ್ಲಿ ಓರೆಯಾಗಿ ಕಲ್ಲು ಹೂತು ನೀರನ್ನು ಪಕ್ಕಕ್ಕೆ ತಿರುಗಿಸು. ಮುಖ್ಯ ಇದೇ.

ಕೊಪ್ಪದಿಂದ: ದುಂಡು ಹೊಳೆಗಲ್ಲು ಹಾಕಬೇಡಿ, ಕೂರುವುದಿಲ್ಲ. ಮೂಲೆ ಇರುವ ಜಲ್ಲಿಯೇ ಸರಿ.

ತೀರ್ಥಹಳ್ಳಿ ತೋಟದವನು: ಭಾನುವಾರವೇ ಕಲ್ಲು ಹೂಳುತ್ತೇವೆ. ಭಾವನೂ ಗುದ್ದಲಿ ಹಿಡಿದು ಬರುತ್ತಾರಂತೆ, ಅವರಿಗೆ ಟೋಲ್ ಮಾಫಿ!