ಅಪ್‌ಡೇಟ್: ಸಿಡಿಲಿಗೆ ಟಿವಿ ಸುಟ್ಟಿದ್ದು, ಕೊನೆಗೂ ಕಾರಣ ಸಿಕ್ಕಿತು

ಏಪ್ರಿಲ್ ಮಳೆಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಟಿವಿ, ರೂಟರ್ ಎರಡೂ ಸುಟ್ಟಿದ್ದವು. ಸ್ಪೈಕ್ ಗಾರ್ಡ್ ಇದ್ದರೂ ಹೀಗ್ಯಾಕೆ, ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಯಾಕೆ ಬೀಳಲಿಲ್ಲ ಅಂತ ಇಲ್ಲಿ ಕೇಳಿದ್ದೆ. "ಮೊದಲು ಅರ್ತಿಂಗ್ (ಕರೆಂಟನ್ನು ನೆಲಕ್ಕಿಳಿಸುವ ವ್ಯವಸ್ಥೆ) ನೋಡಿಸಿ" ಅಂದವರ ಮಾತೇ ಸರಿ.

ಎಲೆಕ್ಟ್ರಿಷಿಯನ್ ಬಂದು ಅರ್ತಿಂಗಿನ ಪ್ರತಿರೋಧ ಅಳೆದರು, ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. 40 ಓಮ್‌ಗಿಂತ ಜಾಸ್ತಿ! ಅರ್ತಿಂಗ್ ಗುಂಡಿ ಅಗೆಸಿದರೆ ಪೈಪಿಗೆ ಕಟ್ಟಿದ್ದ ತಂತಿ ತುಕ್ಕು ಹಿಡಿದು ನೂಲಿನ ಹಾಗಾಗಿತ್ತು. ಎರಡು ಬೆರಳಲ್ಲಿ ಎಳೆದೆ, ಕೈಗೇ ಬಂತು. ಮನೆ ಕಟ್ಟಿದ ಮೇಲೆ ಆ ಕಡೆ ಯಾರೂ ತಲೆ ಹಾಕಿರಲಿಲ್ಲ. ಸ್ಪೈಕ್ ಗಾರ್ಡ್ ಪಾಪ ಏನು ಮಾಡೀತು? ಸರ್ಜ್ (ದಿಢೀರನೆ ನುಗ್ಗುವ ವಿಪರೀತ ವೋಲ್ಟೇಜ್) ಇಳಿಸಲು ಅದಕ್ಕೆ ನೆಲವೇ ಸಿಕ್ಕಿರಲಿಲ್ಲ. ಎಂಸಿಬಿ ಬೀಳುವುದು ಓವರ್‌ಲೋಡ್ ಅಥವಾ ಶಾರ್ಟ್ ಆದಾಗ. ಮೈಕ್ರೋಸೆಕೆಂಡುಗಳಲ್ಲಿ ಬಂದು ಹೋಗುವ ಸರ್ಜ್ ಅದಕ್ಕೆ ಗೊತ್ತೇ ಆಗುವುದಿಲ್ಲ.

ಈಗ ಹೊಸ ಗುಂಡಿ, ಹೊಸ ರಾಡ್, 4 ಓಮ್. ಡಿಬಿಯಲ್ಲಿ (ಎಂಸಿಬಿಗಳಿರುವ ಪೆಟ್ಟಿಗೆ) ಟೈಪ್ 2 ಎಸ್‌ಪಿಡಿ (ಇಡೀ ಮನೆಗೆ ಸರ್ಜ್ ತಡೆಯುವ ಸಾಧನ) ಕೂತಿದೆ. ಅದರ ವೈರನ್ನು ಚಂದ ಕಾಣಲಿ ಅಂತ ಸುತ್ತು ಹಾಕಿ ಎಳೆದಿದ್ದರು. ಬಿಚ್ಚಿಸಿ ಅರ್ಧ ಮೀಟರ್ ಒಳಗೆ ತಂದೆ. ವೈರ್ ಉದ್ದವಾದಷ್ಟೂ ರಕ್ಷಣೆ ಕಡಿಮೆ. ಎಸ್‌ಪಿಡಿಯ ಪುಟ್ಟ ಕಿಟಕಿ ಹಸಿರಿದ್ದರೆ ಸರಿ, ಕೆಂಪಾದರೆ ಬದಲಿಸಬೇಕು.

ಮನೆಗೇ ನೇರವಾಗಿ ಸಿಡಿಲು ಹೊಡೆದರೆ ಇದು ಸಾಲದು. ಅದಕ್ಕೆ ಮೋಡ ಕಪ್ಪಾದ ಕೂಡಲೇ ಅಮ್ಮ ಪ್ಲಗ್ ಕೀಳುತ್ತಾರೆ, ಡಿಶ್ ಕೇಬಲ್ ಸಮೇತ. ಆ ಕೇಬಲ್ಲನ್ನೇ ಕಳೆದ ಸಲ ಸುಮ್ನೆ ಬಿಟ್ಟಿದ್ದೆವು.