ಸಹಾಯ ಬೇಕು: ಹೋಂಸ್ಟೇ ಮಂಚದಲ್ಲಿ ತಿಗಣೆ, ಈ ಮಳೆಯಲ್ಲಿ ಏನು ಮಾಡಲಿ?

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮದು 4 ಕೋಣೆಗಳ ಹೋಂಸ್ಟೇ. ಹೋದ ವಾರ ಅತಿಥಿಗಳ ಮಗುವಿನ ಕೈತುಂಬ ಕಚ್ಚಿದ ಗುರುತು ನೋಡಿ ಕರುಳು ಚುರುಕ್ ಅಂತು. ಹುಡುಕಿದರೆ ಹಾಸಿಗೆಯ ಹೊಲಿಗೆಯಲ್ಲಿ ಕಪ್ಪು ಚುಕ್ಕೆ, ಅಜ್ಜನ ಕಾಲದ ಹಲಸಿನ ಮಂಚದ ಸಂದಿಯಲ್ಲಿ ತಿಗಣೆ!

ಹೊದಿಕೆಗಳನ್ನೆಲ್ಲ ಕುದಿನೀರಲ್ಲಿ ಒಗೆದು, ಔಷಧಿಯನ್ನೂ ಹೊಡೆಸಿದೆವು. ಆದರೆ ಮೊಟ್ಟೆ ಉಳಿದರೆ ವಾರ, 10 ದಿನಕ್ಕೆ ಮತ್ತೆ ಮರಿ. ಕೋಣೆ ಮುಚ್ಚಿಟ್ಟಿದ್ದೇನೆ, ಅಷ್ಟಕ್ಕೇ ಸಾಯಲ್ಲ, ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಬೇಸಿಗೆಯಾಗಿದ್ದರೆ ಹಾಸಿಗೆಯನ್ನು ಅಂಗಳದ ಬಿಸಿಲಿಗಾದರೂ ಹಾಕಬಹುದಿತ್ತು. ಈಗ ಆಷಾಢದ ಮಳೆ.

ಸ್ಟೀಮರ್ ಬಳಸಿದವರು ಇದ್ದೀರಾ? ಹಬೆ ಹಿಡಿದರೆ ಹಳೇ ಮರ ಉಬ್ಬುತ್ತಾ? ಔಷಧಿ ಎರಡನೇ ಸಲ ಎಷ್ಟು ದಿನಕ್ಕೆ ಹೊಡೆಸಿದಿರಿ? ಇನ್ನೊಂದು ಮಗುವಿಗೆ ಹೀಗಾಗಬಾರದು, ದಯವಿಟ್ಟು ತಿಳಿಸಿ.